ಒಡ್ಡನ್‌ಛತ್ರದಲ್ಲಿ ನಾನು ಕಂಡ ರಾಕ್ ರಂಗ

ಆಗೆಲ್ಲ ತಮಿಳುನಾಡಿನ ಉತ್ತಮಪಾಳಯಂನಲ್ಲಿ, ಮನೆಯೊಳಗೆ ಕನ್ನಡ ಆಡುವ ನಮ್ಮ ಬೀದಿಯಲ್ಲಿ ಸತ್ತವರು ಸತ್ತೇ ಇರುತ್ತಿದ್ದರು, ರಂಗಣ್ಣನೊಬ್ಬನನ್ನು ಬಿಟ್ಟು. ದ್ರಾಕ್ಷಿ ಬಳ್ಳಿಗೆ ಮೈಲುತುತ್ತದ ನೀರು ಹೊಡೆಯುವ ಕಾಲ ಅದು ಎಂದು ಬರೆಯಲು ಹೊರಟಿದ್ದೆ. ಗಾಳಿಯಲ್ಲಿ ಆ ತಾಮ್ರದ ವಾಸನೆ ಇತ್ತೆಂದು ನೆನಪು. ಆದರೆ ಅದೇ ನೆನಪಿನಲ್ಲಿ ಅದೇ ಚಪ್ಪರದಿಂದ ನಾವು ಹಣ್ಣಾದ ಗೊಂಚಲು ಕದ್ದು ತಿನ್ನುತ್ತಲೂ ಇದ್ದೇವೆ. ಒಂದೇ ತೋಟದಲ್ಲಿ ಒಂದೇ ವಾರ ಎರಡೂ ಆಗುವಂಥದ್ದಲ್ಲ. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಒಬ್ಬರು ನಂಬಿ ಕೆಟ್ಟಿದ್ದಾರೆ.

ರಂಗಣ್ಣ ನಾಗಮ್ಮ ದೊಡ್ಡಮ್ಮನ ಒಬ್ಬನೇ ಮಗ. ಹೆಗಲವರೆಗೆ ಕೂದಲು, ಕಪ್ಪು ಗಿಟಾರ್. ಮದುವೆ ಮಂಟಪಗಳಲ್ಲಿ ಸಿನಿಮಾ ಹಾಡುಗಳ ನಡುವೆ ತನ್ನದೊಂದನ್ನು ನುಗ್ಗಿಸಿಬಿಡುತ್ತಿದ್ದ. ದೊಡ್ಡವರು ಕಿವಿ ಮುಚ್ಚಿಕೊಂಡರೆ ನಾವು ಕುರ್ಚಿ ಹತ್ತಿ ಕುಣಿಯುತ್ತಿದ್ದೆವು. ಆಮೇಲೆ ಚೆನ್ನೈಗೆ ಹೋಗಿ, ನಾಲ್ವರೊಂದಿಗೆ ಸೇರಿ ರಾಕ್ ರಂಗ ಆದ. ಒಂದು ಕ್ಯಾಸೆಟ್ ಬಂತು. ಅದರ ಮೇಲೆ ನಮ್ಮೂರ ಹೊಳೆಯ ಸೇತುವೆ. ಅವನು ನಮಗೆ ಬೆನ್ನು ಹಾಕಿ ನೀರು ನೋಡುತ್ತ ನಿಂತಿದ್ದ.

ಊರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಗಿಟಾರ್ ತಗುಲಿಸಿಕೊಂಡು ಹೊರಟವನು ಮನೆಗೆ ಬರಲಿಲ್ಲ. ನಾಲ್ಕನೇ ದಿನ ಕಾಲುವೆಯ ತೂಬಿನಲ್ಲಿ ಹೆಣ ಸಿಕ್ಕಿತು. ಮುಖ ಗುರುತು ಸಿಗುವಂತಿರಲಿಲ್ಲ, ಉಂಗುರ ನೋಡಿ ಹೇಳಿದರು. ಕಾಲು ಜಾರಿರಬೇಕು ಎಂದರು ಪೊಲೀಸರು. ಗಿಟಾರ್ ಮಾತ್ರ ಸಿಗಲಿಲ್ಲ. ಊರಿನ ಬಾಯಿಗೆ ಅಷ್ಟು ಸಾಕಾಯಿತು.

ಚೆನ್ನೈನ ಯಾರೋ ದೊಡ್ಡವರು ಇವನ ರಾಗ ಕದ್ದು, ಆಮೇಲೆ ಇವನನ್ನೇ ಮುಗಿಸಿದರು ಎಂದ ಟೈಲರ್. ಬೇರೆ ಯಾರದೋ ಹೆಣಕ್ಕೆ ಉಂಗುರ ತೊಡಿಸಿ ಅವನೇ ತಲೆತಪ್ಪಿಸಿಕೊಂಡಿದ್ದಾನೆ ಎಂದರು ಟೀ ಅಂಗಡಿಯವರು. ಕ್ಯಾಸೆಟ್‌ನ ಎರಡನೇ ಬದಿಯಲ್ಲಿ ಕೊನೆಯ ಹಾಡು ಮುಗಿದ ಮೇಲೆ ನೀರಿನ ಸದ್ದು ಇದೆ, ಅವನಿಗೆ ಮೊದಲೇ ಗೊತ್ತಿತ್ತು ಎಂದರು ದೊಡ್ಡ ಕ್ಲಾಸಿನ ಹುಡುಗರು. ನಾವೂ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದೆವು. ನೀರು ಕೇಳಿಸಿತು. ಖಾಲಿ ಟೇಪು ಯಾವಾಗಲೂ ಹಾಗೇ ಕೇಳಿಸುತ್ತದೆಂದು ಯಾರೂ ಹೇಳಲಿಲ್ಲ.

ಕುಂಟೆಬಿಲ್ಲೆ ಆಡುವಾಗ ಎಲ್ಲರ ಹತ್ತಿರವೂ ಹೇಳಲು ಏನಾದರೊಂದು ಇರುತ್ತಿತ್ತು. ಚಿಕ್ಕಪ್ಪನ ಮಗಳು ಸೆಲ್ವಿಯದು ಎಲ್ಲಕ್ಕಿಂತ ದೊಡ್ಡದು: ಹೆಣ ಎಳೆದವರಲ್ಲಿ ಅವಳಪ್ಪನೂ ಒಬ್ಬರು. ಒಂಬತ್ತು ವರ್ಷದ ಹುಡುಗಿಯಾದ ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ವಾರ ಅಪ್ಪ ನುಗ್ಗೆಕಾಯಿ ಲಾರಿಯಲ್ಲಿ ನನ್ನನ್ನು ಒಡ್ಡನ್‌ಛತ್ರದ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ತಿರುಗಿ ಬಂದಾಗ ಸೆಲ್ವಿ ಕೇಳಿದಳು:

"ಏ ಪುಳ್ಳ, ಅಷ್ಟು ದೂರ ಹೋಗಿ ಏನ್ ನೋಡ್ದೆ? ಮುರುಂಗೆಕಾಯಾ?"

ಎಲ್ಲರೂ ನಕ್ಕರು.

"ರಂಗಣ್ಣನ್ನ ನೋಡ್ದೆ," ಎಂದೆ.

ಈ ಬರೆಯುವ ಕನ್ನಡವನ್ನು ಆಮೇಲೆ ಕಲಿತೆ. ಅದನ್ನು ಹೇಳಿದ್ದು ಮನೆಯ ಕನ್ನಡದಲ್ಲಿ. ಎರಡೇ ಮಾತು. ನಗು ನಿಂತಿತು. ನಿಂತ ನಗುವಿಗೆ ಇನ್ನೂ ಕೊಡಬೇಕಲ್ಲ, ಕೊಟ್ಟೆ: ಒಂದು ಲಾರಿಯಲ್ಲಿ ಈರುಳ್ಳಿ ಮೂಟೆಗಳ ಮೇಲೆ ಕೂತಿದ್ದ, ತಲೆಗೆ ಟವೆಲ್ ಸುತ್ತಿದ್ದ, ಗಿಟಾರ್ ಗೋಣಿಚೀಲದಲ್ಲಿತ್ತು.

ಮರುದಿನ ಬೆಳಿಗ್ಗೆ ನಾಗಮ್ಮ ದೊಡ್ಡಮ್ಮ ಬಂದರು. ಕೈಯಲ್ಲಿ ಒಂದು ಲೋಟ ಹತ್ತಿಬೀಜದ ಹಾಲು, ಬೆಲ್ಲ, ಶುಂಠಿಯ ಘಮ. ನಾನು ಕುಡಿಯುವವರೆಗೆ ಕಾದು, ಸೆರಗಿನಿಂದ ನನ್ನ ಬಾಯಿ ಒರೆಸಿದರು.

"ಹೇಳು ಕಣ್ಣು. ಸಟ್ಟೆ ಯಾವ ಕಲರು?" ಅವನ ಅಂಗಿಯ ಬಣ್ಣ ಕೇಳುತ್ತಿದ್ದರು.

"ಪಚ್ಚೆ."

"ಪಚ್ಚೆ ಅಂದ್ರೆ ಅವನ್ಗೆ ಇಷ್ಟ," ಎಂದರು. ನಾನು ಏನು ಹೇಳಿದರೂ ಅವರ ಹತ್ತಿರ ಅದಕ್ಕೊಂದು ಜಾಗ ಮೊದಲೇ ಇರುತ್ತಿತ್ತು.

ಅಮ್ಮ ಒಳಗಿನಿಂದ ಬಂದು, "ಅಕ್ಕಾ, ಕೂಸು ಏನೋ ಒದರ್ತದೆ, ನಂಬಬ್ಯಾಡಿ," ಎಂದಳು.

"ಹಂಗಾದ್ರೆ ಸಾಮಿ ದನದ ಮುಂದೆ ಹೇಳ್ಲಿ."

ಕಂಬಂ ಊರಿನಲ್ಲಿ ನಮ್ಮವರದೊಂದು ದೇವರ ದನಗಳ ದೊಡ್ಡಿ ಇದೆ. ಆ ದನಗಳಿಗೆ ನೊಗ ಇಡುವುದಿಲ್ಲ, ಹಾಲು ಮಾರುವುದಿಲ್ಲ. ಅವುಗಳ ಮುಂದೆ ನಿಂತು ಆಡಿದ ಮಾತನ್ನು ನಮ್ಮ ಬೀದಿ ಮತ್ತೆ ಕೆದಕುತ್ತಿರಲಿಲ್ಲ. ಮೂವರೂ ಟೌನ್ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಮ್ಮ ನನ್ನ ಮುಖ ನೋಡುತ್ತಿದ್ದಳು. ನಾನು ಗದ್ದೆ, ಬಾಳೆತೋಟ, ಗದ್ದೆ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಸಗಣಿ, ಒಣಹುಲ್ಲಿನ ವಾಸನೆ. ದೊಡ್ಡಮ್ಮ ನನ್ನ ಕೈಯನ್ನು ದೊಡ್ಡಿಯ ಗೂಟದ ಮೇಲಿಟ್ಟರು.

"ನೋಡ್ದೆಯಾ?"

"ನೋಡ್ದೆ."

ಆಮೇಲೆ, ಅಮ್ಮನಿಗೂ ಕೇಳಿಸದಂತೆ: "ನನ್ನ ಕೇಳ್ದನಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಅವರು ಸೆರಗಿನ ತುದಿ ಕಚ್ಚಿಕೊಂಡಿದ್ದರು.

"ಕೇಳ್ದ್ರು. ಅಮ್ಮ ಸುಗವಾ ಅಂದ್ರು."

ಅಯ್ಯೋ ಎನಿಸಿ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಒಬ್ಬ ದೊಡ್ಡ ಹೆಂಗಸು ನನ್ನ ಬಾಯನ್ನೇ ನೋಡುತ್ತ ಉಸಿರು ಹಿಡಿದು ನಿಂತದ್ದು ನನಗೆ ಇಷ್ಟವಾಗಿತ್ತು. ಒಂದು ಹಸು ಮೆಲುಕು ಹಾಕುತ್ತಲೇ ಇತ್ತು. ಏನೂ ಆಗಲಿಲ್ಲ.

ಹದಿನಾರನೇ ದಿನದ ಕಾರ್ಯಕ್ಕೆ ಮೂರು ದಿನ ಉಳಿದಿತ್ತು. ದೊಡ್ಡಮ್ಮ ನಿಲ್ಲಿಸಿಬಿಟ್ಟರು. "ಬದುಕಿರೋ ಮಗನ್ಗೆ ಎಳ್ಳು ನೀರಾ?" ಎಂದು ಫೋಟೋದ ಹಾರ ತೆಗೆದರು. ಆಮೇಲೆ ವಾರಕ್ಕೊಮ್ಮೆ ಮೊದಲ ಬಸ್ಸಿಗೆ ಒಡ್ಡನ್‌ಛತ್ರ. ಫೋಟೋ ಹಿಡಿದು ಲಾರಿಯಿಂದ ಲಾರಿಗೆ. ತಿರುಗಿ ಬಂದವರು ಸೀದಾ ನಮ್ಮ ಜಗಲಿಗೆ. "ಲಾರಿ ಮುಂದೆ ಏನಾದ್ರೂ ಬರ್ದಿತ್ತಾ ಕಣ್ಣು? ನಡೆಯೋವಾಗ ಹೆಂಗೆ ನಡೆದ?" ನಾನು ಅವನಿಗೆ ಗಡ್ಡ ಕೊಟ್ಟೆ, ಕುಂಟು ಕೊಟ್ಟೆ. ಮುಂದಿನ ವರ್ಷ ದಿಂಡಿಗಲ್ಲಿನ ಹಾಸ್ಟೆಲಿಗೆ ಹೋಗುತ್ತೇನೆಂದು ನಾನೇ ಹಟ ಹಿಡಿದೆ. ಕೂಸಿಗೆ ಓದಿನ ಆಸೆ ಎಂದು ಎಲ್ಲರಿಗೂ ಹೆಮ್ಮೆ.

ಹೋದ ವರ್ಷ ಸೆಲ್ವಿ ಫೋನಿಗೆ ಒಂದು ವಿಡಿಯೋ ಕಳಿಸಿದಳು. ರಾಕ್ ರಂಗನ ಸಾವಿನ ಮರ್ಮ. ಮಾತಾಡುತ್ತಿದ್ದ ಹುಡುಗ ಆಗ ಹುಟ್ಟಿಯೂ ಇರಲಾರ. ನನ್ನ ಪಚ್ಚೆ ಸಟ್ಟೆ ಅದರಲ್ಲಿತ್ತು, ಈರುಳ್ಳಿ ಮೂಟೆ ಇತ್ತು, ಕುಂಟೂ ಇತ್ತು. ಕೊನೆಗೆ, ತಲೆಯೆಲ್ಲ ಬೆಳ್ಳಗಾದ ದೊಡ್ಡಮ್ಮ. ತಮಿಳಿನಲ್ಲಿ ಮಾತಾಡುತ್ತಿದ್ದವರು ಒಮ್ಮೆಲೇ ಮನೆಯ ಮಾತಿಗೆ ಹೊರಳಿದರು: "ನಮ್ಮ ಕೂಸು ಅದು. ಸಾಮಿ ದನದ ಮುಂದೆ ಹೇಳ್ತು. ಅದ್ಯಾಕ್ ಸುಳ್ ಹೇಳ್ತದೆ?"

ವಿಡಿಯೋದ ಕೆಳಗೆ ಬರೆದೆ: ಆ ಕೂಸು ನಾನೇ. ನಾನು ಯಾರನ್ನೂ ನೋಡಲಿಲ್ಲ. ಮೊದಲ ಉತ್ತರ: ಯಾರು ಹೆದರಿಸಿದರು ಅಕ್ಕಾ? ಇನ್ನೊಬ್ಬ: ಇವಳು ಅವಳಲ್ಲ. ಮತ್ತೊಬ್ಬ: ಇಷ್ಟು ವರ್ಷದ ಮೇಲೆ ಇಲ್ಲ ಅನ್ನುತ್ತಿದ್ದಾಳೆಂದರೆ ಅವನು ಇದ್ದಾನೆಂದೇ ಅರ್ಥ. ವಾರ ಕಳೆಯುವುದರೊಳಗೆ ಎರಡನೇ ವಿಡಿಯೋ ಬಂತು, ನನ್ನ ನಿರಾಕರಣೆಯೇ ಅದರ ಹೊಸ ಪುರಾವೆ.

ಉತ್ತಮಪಾಳಯಂಗೆ ಹೋದೆ. ಮಧ್ಯಾಹ್ನ. ಹಾರವಿಲ್ಲದ ಫೋಟೋ ಹಾಗೇ ಇತ್ತು, ಪಕ್ಕದಲ್ಲಿ ಕ್ಯಾಸೆಟ್. ಬಸ್ಸಿನಲ್ಲಿ ಮನೆಯ ಕನ್ನಡದಲ್ಲೇ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ.

"ನಾ ನೋಡಲಿಲ್ಲ ದೊಡ್ಡಮ್ಮ. ಸುಳ್ಳು ಹೇಳ್ದೆ."

ಅವರು ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದರು.

"ಮೆಲ್ಲಗೆ. ಯಾರು ಹೆದ್ರಿಸಿದ್ರು?"

"ಯಾರೂ ಇಲ್ಲ. ನಾನೇ..."

"ನಂಗೆ ತಿಳಿತದೆ. ನಿನ್ಗೂ ಮಕ್ಳಿದೆ. ಹೊರಗೆ ಎಲ್ರ ಹತ್ರ ಹಂಗೇ ಹೇಳು. ನನ್ನ ಹತ್ರ ಬ್ಯಾಡ."

ಹತ್ತಿಬೀಜದ ಹಾಲು ಕಾಯಿಸಿ ಕೊಟ್ಟರು. ಕುಡಿದೆ.

ನಾವು ಕದ್ದ ದ್ರಾಕ್ಷಿ ಚಪ್ಪರದ ಜಾಗದಲ್ಲಿ ಈಗ ಮನೆಗಳಿವೆ. ನನ್ನ ಮಕ್ಕಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಇಂಥ ಬರಹದಲ್ಲಿ ಇವನ್ನೆಲ್ಲ ಕಳೆದುಕೊಂಡೆವೆಂದು ನಾನೂ ಬರೆಯಬಹುದು. ಆದರೆ ನಾನು ಕಳೆದದ್ದು ನನ್ನದಲ್ಲ. ಹದಿನಾರು ದಿನ ಅತ್ತು, ನೀರು ಬಿಟ್ಟು, ಎದ್ದು ಒಲೆ ಹಚ್ಚಬೇಕಿದ್ದ ಒಬ್ಬ ತಾಯಿಯ ಅಳು ಅದು. ಅದನ್ನು ಅವರಿಗೆ ತಿರುಗಿ ಕೊಡಲು ಈಗ ನನ್ನ ನಿಜಕ್ಕೆ ಶಕ್ತಿಯಿಲ್ಲ.

ಹೊರಡುವಾಗ ಅಗುಳಿಯ ಮೇಲೆ ಕೈಯಿಟ್ಟು ಅವರು ನಿಂತರು. ಸೆರಗಿನ ತುದಿ ಬಾಯಿಗೆ ಹೋಯಿತು.

"ಸಟ್ಟೆ ಪಚ್ಚೆ ತಾನೆ?"

ಬಾಗಿಲು ತೆರೆಯದೆ ಕಾದರು.

"ಪಚ್ಚೆ," ಎಂದೆ.