ನೆರೆ ಕಾಣದ ಕೊಡ

ಕೃಷ್ಣಾ ನದಿ ಕಾಗವಾಡ, ಅಥಣಿ, ರಾಯಬಾಗ ಕಡೆಯ ಹಳ್ಳಿಗಳೊಳಗೆ ನುಗ್ಗಿ ಹೋದ ಮರುವರ್ಷದ ಮಾತು. ಆಗ ನನಗೆ ಯಾವ ಹುದ್ದೆಯೂ ಇರಲಿಲ್ಲ, ಈಗಲೂ ಇಲ್ಲ. ಚಿಕ್ಕೋಡಿಯಲ್ಲಿ ಮನೆ ನೋಡಿಕೊಂಡಿರುವ ಹೆಂಗಸು ನಾನು. ಮಧ್ಯಾಹ್ನದ ಪಾತ್ರೆ ಬೋರಲು ಹಾಕಿದ ಮೇಲೆ ಹಿತ್ತಲಿನ ತಗಡಿನ ಪತ್ರಾಸ್ ಶೆಡ್ಡಿಗೆ ಹೋಗಿ, ಜನ ಬಿಸಾಕಿದ ಸಾಮಾನುಗಳಿಂದ ಮೂರ್ತಿ ಮಾಡುವುದು ಹನ್ನೆರಡು ವರ್ಷದಿಂದ ನಡೆದುಬಂದ ಕೆಲಸ. ಕಬ್ಬು ಕಡಿದು ಸವೆದ ಕುಡಗೋಲುಗಳಿಂದ ಕೂಲಿ ಹೆಂಗಸನ್ನು ಮಾಡಿದ್ದೆ. ಸೈಕಲ್ ಚೈನಿನಿಂದ, ಶಾಲೆ ಬಿಡಿಸಿದ ಹುಡುಗಿಯೊಬ್ಬಳ ಜಡೆಯನ್ನು. ವೆಲ್ಡಿಂಗ್ ಕಲಿಸಿದವರು ಓಣಿಯ ಟ್ರಾಲಿ ರಿಪೇರಿ ಅಂಗಡಿಯವರು. ಅಚ್ಚುಕಟ್ಟು ಕಲಿಸಿದವರು ಕಾನ್ವೆಂಟಿನ ಸಿಸ್ಟರ್‌ಗಳು. ವಹಿಯ ಅಂಚಿನಲ್ಲಿ ಒಂದು ಶಾಯಿ ಕಲೆ ಕಂಡರೂ ಪುಟ ಹರಿದು ಮತ್ತೆ ಬರೆಸುತ್ತಿದ್ದರು.

ಆ ವರ್ಷ ಒಂದು ಮಹಿಳಾ ಸಂಘದವರು ತಮ್ಮ ಹೊಸ ಸಭಾಭವನಕ್ಕೆ ಮೂರ್ತಿ ಬೇಕೆಂದರು. ತಲೆಯ ಮೇಲೆ ಸಂಸಾರ ಹೊತ್ತು ನೆರೆಯಿಂದ ಎದ್ದು ಬರುವ ಹೆಂಗಸು. ನೆರೆಯಲ್ಲಿ ಹಾಳಾದ ಪಾತ್ರೆಗಳಿಂದಲೇ ಮಾಡಿಕೊಡುತ್ತೇನೆಂದು ಒಪ್ಪಿ, ಹಾರೂಗೇರಿಯಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಮೌಲಾಚಾಚಾ ಅವರ ಹತ್ತಿರ ಹೋದೆ.

"ವೈನಿ, ನಿಮ್ಮ ನಸೀಬ ಛಲೋ ಐತಿ. ಒಂದ ಮನ್ಯಾನ ಮಾಲು, ಗಂಟಿಗೆ ಗಂಟ ಬಂದೈತಿ" ಅಂದರು.

"ನೆರಿ ಮಾಲ ಏನ್ರಿ ಚಾಚಾ?"

"ನದೀ ದಂಡಿ ಊರಿಂದು. ಮತ್ತ ನೆರೀದ ಇರಬೇಕಲ್ರಿ. ನಿಮಗ ಈಸಾಕ ಬರ್ತೈತೇನಂತ ನಾ ಭಾಂಡೆಗೋಳನ್ನ ಕೇಳ್ಲೇನು?"

ಇಬ್ಬರೂ ನಕ್ಕೆವು. ಗಂಟಿನಲ್ಲಿ ಇಪ್ಪತ್ತೊಂದು ಪಾತ್ರೆಗಳಿದ್ದವು. ಕೊಡ, ಪಾತೇಲಿ, ಡಬ್ಬಿ, ತಾಟು, ಮುಚ್ಚಳ. ಇಲ್ಲಿ ಒಂದು ಸಂಗತಿ ಹೇಳಬೇಕು. ಸ್ಟೀಲ್ ಪಾತ್ರೆಯ ಬಾಯಂಚನ್ನು ಹೊರಕ್ಕೆ ಸುರುಳಿ ಮಡಚಿರುತ್ತಾರೆ. ನೆರೆಯಲ್ಲಿ ಮುಳುಗಿದ ಪಾತ್ರೆಯ ಆ ಸುರುಳಿಯೊಳಗೆ ರಾಡಿ ಸೇರಿ ಒಣಗಿದರೆ, ಪಿನ್ನಿನಿಂದ ಕೆದಕಿದರೂ ಪೂರ್ತಿ ಹೋಗುವುದಿಲ್ಲ. ಈ ಇಪ್ಪತ್ತೊಂದರಲ್ಲಿ ಒಂದರ ಅಂಚಿನಲ್ಲೂ ಮಣ್ಣಿರಲಿಲ್ಲ. ಒಂದು ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಕೂಡ ಹಾಗೇ ಅಂಟಿಕೊಂಡಿತ್ತು. ನನ್ನ ಕಣ್ಣಿಗೆ ಇವೆಲ್ಲ ಬಿದ್ದವು. ತೊಳೆಯುವ ಕೆಲಸ ಕಡಿಮೆಯಾಯಿತು ಅಂದುಕೊಂಡೆ, ಅಷ್ಟೇ.

ಪಾತ್ರೆಗಳ ಮೇಲೆ ಹೆಸರುಗಳಿದ್ದವು. ನಮ್ಮ ಕಡೆ ಲಗ್ನದಲ್ಲಿ ಕೊಡುವ ಭಾಂಡೆಗೆ ಅಂಗಡಿಯಲ್ಲೇ ಮಷೀನಿನಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹಾಕಿಸುತ್ತಾರೆ. ಯಾರಿಗೆ, ಯಾರಿಂದ ಎಂದು. ಗ್ರೈಂಡರಿಗೆ ಮರಳು ಕಾಗದದ ಚಕ್ರ ಹಾಕಿ ಎರಡು ಮಧ್ಯಾಹ್ನ ಕೂತು ಅವನ್ನೆಲ್ಲ ಉಜ್ಜಿದೆ. ಉಜ್ಜುವ ಮುಂಚೆ ಓದಿದ್ದೆ ಕೂಡ. ಯಾವ ಪಾತ್ರೆಯ ಯಾವ ಮಗ್ಗುಲು ನೆಗ್ಗಿತ್ತು ಎಂಬುದು ಇವತ್ತಿಗೂ ನೆನಪಿದೆ, ಹೆಸರು ಮಾತ್ರ ನೆನಪಿಲ್ಲ. ಕೊಡವನ್ನು ಮೂರ್ತಿಗೆ ಹೊಟ್ಟೆಯಾಗಿ ಕೂರಿಸಿದೆ. ಅದರ ಮೇಲೊಂದು ಹಿತ್ತಾಳೆಯ ತ್ಯಾಪೆ ಇತ್ತು, ಹೊಕ್ಕುಳದ ಹಾಗೆ. ಚೆಂದ ಕಂಡಿತೆಂದು ಅದನ್ನೊಂದು ಬಿಟ್ಟೆ.

ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತು ಹೇಳಿದೆ: "ಹೆಸರಿದ್ದರೆ ಅದು ಒಬ್ಬಳ ಕಥೆ. ಹೆಸರಿಲ್ಲದಿದ್ದರೆ ಎಲ್ಲ ಹೆಣ್ಣುಮಕ್ಕಳ ಕಥೆ." ಜೋರು ಚಪ್ಪಾಳೆ ಬಿತ್ತು.

ಚಹಾ ಕುಡಿಯುವ ಹೊತ್ತಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೂರ್ತಿಯ ಹೊಟ್ಟೆಗೆ ಅಂಗೈ ಹಚ್ಚಿ ನಿಂತಿದ್ದರು. ಕಬ್ಬೂರಿನ ಕಮಲವ್ವ, ಸಂಘದ ಸದಸ್ಯೆ.

"ಅಕ್ಕಾರ, ಈ ಕೊಡಾ ನಂದೈತ್ರಿ. ಈ ತ್ಯಾಪಿ ನಾನ ಹಾಕ್ಸೇನಿ. ಮಗಳಿಗೆ ಲಗ್ನದಾಗ ಕೊಟ್ಟದ್ದು, ತೂತ ಬಿದ್ದೈತಂತ ಪಂಚಮಿಗೆ ಬಂದಾಗ ತಂದಿದ್ಲು."

ಮಗಳು ಸುರೇಖಾ. ಲಗ್ನವಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನ ಮನೆಯಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಕ್ಕಳಿಲ್ಲದೆ ಮಗಳು ಹೋದರೆ ತವರಿನ ಭಾಂಡೆ ತವರಿಗೆ ಬರಬೇಕೆಂಬುದು ಅವರಲ್ಲಿಯ ರೂಢಿ. ಬೀಗರು ಇವತ್ತು ನಾಳೆ ಎನ್ನುತ್ತ ದಿನ ದೂಡಿದರು. ನೆರೆ ಬಂದು ಹೋದ ಮೇಲೆ ಎಲ್ಲ ನೀರಿಗೆ ಹೋಯಿತೆಂದರು. ಬೀಗತಿ ಪಂಚರ ಮುಂದೆ ಕೈಯಲ್ಲಿ ದೇವರ ಅರಿಶಿನದ ಭಂಡಾರ ಹಿಡಿದು ಹಾಗೆಂದು ಆಣೆ ಮಾಡಿದಳು. ಸತ್ತ ಮಗಳ ಪಾತ್ರೆಗೆ ಆಸೆಪಟ್ಟವಳೆಂದು ಕಮಲವ್ವನ ಮೇಲೆ ಮಾತು ಬಂತು.

"ಭಾಂಡೆ ತಗೊಂಡ ನಾ ಏನ ಮಾಡ್ಲಿರಿ? ನಾ ಸುಳ್ಳ ಹೇಳಿಲ್ಲಂತ ಆ ಹಿರ್ಯಾರಿಗೆ ತಿಳೀಬೇಕು. ಹೆಸರ ತೋರಸ್ರಿ ಸಾಕು. ಎಲ್ಲೈತ್ರಿ ಹೆಸರ?"

ಉಜ್ಜಿದ್ದೇನೆ ಎಂದೆ. ಅವರು ನಂಬಲಿಲ್ಲ. ಕೊಡದ ಸುತ್ತ ಬೆರಳಾಡಿಸಿ, ಕುರುಡರು ಗೋಡೆ ತಡವಿದಂತೆ ತಡವಿದರು.

ಮನೆಗೆ ಬಂದು ಫೋನಿನ ಫೋಟೋಗಳನ್ನೆಲ್ಲ ಹುಡುಕಿದೆ. ಹೊಳಪು ಬಂದ ಮೇಲೆ ತೆಗೆದವೇ ಎಲ್ಲ. ಆಮೇಲೆ ನೆನಪಾಯಿತು: ಎಡಗಾಲಿನ ಹಿಮ್ಮಡಿಗೆ ಒಂದು ಮುಚ್ಚಳವನ್ನು ಬೋರಲು ಹಾಕಿ ವೆಲ್ಡ್ ಮಾಡಿದ್ದೆ. ಮುಖ ನೆಲಕ್ಕಿದೆ, ಯಾರಿಗೂ ಕಾಣುವುದಿಲ್ಲವೆಂದು ಅದನ್ನೊಂದು ಉಜ್ಜಿರಲಿಲ್ಲ.

ಸಂಘದ ಅಧ್ಯಕ್ಷೆಯ ಅನುಮತಿ ಕೇಳಿದೆ. "ಒಬ್ಬಾಕಿ ಸಲುವಾಗಿ ಮೂರ್ತಿ ಕೊಯ್ಯೂದೇನ್ರಿ ವೈನಿ? ಎಲ್ಲಾ ಹೆಣ್ಮಕ್ಕಳದಂತ ನೀವ ಭಾಷಣಾ ಮಾಡೀರಲ್ಲ" ಎಂದರು.

ಎದುರಾಡಿ ನನಗೆ ರೂಢಿಯಿಲ್ಲ. ಮೂರ್ತಿ ಒರೆಸುತ್ತೇನೆಂದು ಕೀಲಿ ಇಸಿದುಕೊಂಡು, ಚೀಲದಲ್ಲಿ ಗ್ರೈಂಡರ್ ಇಟ್ಟುಕೊಂಡು ಹೋದೆ. ಹಿಮ್ಮಡಿ ಕೊಯ್ದು ಮುಚ್ಚಳ ತಿರುವಿದೆ. ಚುಕ್ಕೆಗಳು ನಿಚ್ಚಳವಾಗಿದ್ದವು: ಚಿ. ಸೌ. ಸುರೇಖಾಗೆ, ಅವ್ವನಿಂದ.

ಮುಂದಿನ ವಾರ ಕಮಲವ್ವನ ಜೊತೆ ಬೀಗರ ಊರಿಗೆ ಹೋದೆ. ಮೌಲಾಚಾಚಾ ಬರಲಿಲ್ಲ. ಗಂಟು ತಂದು ಹಾಕಿದವರ ಮುಖ ನೆನಪಿಲ್ಲವೆಂದುಬಿಟ್ಟರು. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಪಂಚರಲ್ಲಿ ಹಿರಿಯರೊಬ್ಬರು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮುಚ್ಚಳಾ ಅಕಿದ ಖರೆ. ನೀರಾಗ ತೇಲಿ ಹೋದದ್ದನ್ನ ಯಾರರ ಹಿಡದ ಮಾರಿರಬೇಕು."

ನೆರೆಯ ಪಾತ್ರೆಯ ಅಂಚಿನಲ್ಲಿ ಮಣ್ಣಿರುತ್ತದೆ, ಇವುಗಳಲ್ಲಿ ಇರಲಿಲ್ಲ, ನಾನೇ ನೋಡಿದ್ದೇನೆ ಎಂದೆ.

"ತೋರಸ್ರಿ ಹಂಗಾರ."

"ಎಲ್ಲಾ ಉಜ್ಜಿ ತೊಳದೇನ್ರಿ."

"ಉಳದ ಭಾಂಡೆ ಮ್ಯಾಲಿನ ಹೆಸರ?"

"ಅವನ್ನೂ."

ಅವರು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದರು: "ಮಣ್ಣಿಲ್ಲಾ ಅಂತ ನೋಡಿದ್ರಲ್ರಿ ಬಾಯಾರ, ಆವಾಗ ಯಾಕ ಕೇಳ್ಲಿಲ್ಲ?"

ಪಂಚರು ಬೀಗತಿಯ ಆಣೆಯ ಮಾತೇ ಖಾಯಂ ಎಂದು ಎದ್ದರು. ಬೀಗತಿ ಸೆರಗು ಸರಿಮಾಡಿಕೊಳ್ಳುತ್ತ, "ಮುಚ್ಚಳಾ ಸಿಕ್ತಲ್ಲಬೇ, ಇನ್ನರ ಹೊಟ್ಟಿ ತಣ್ಣಗಾತೇನ?" ಎಂದು ಹೋದಳು. ಕಮಲವ್ವ ಮುಚ್ಚಳವನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಸಂಘದವರು ಹಿಮ್ಮಡಿಗೆ ಸಿಮೆಂಟ್ ತುಂಬಿಸಿದರು. ಮೂರ್ತಿ ಈಗಲೂ ಅಲ್ಲಿದೆ, ಚೂರು ಎಡಕ್ಕೆ ವಾಲಿದೆ. ನೋಡಿದವರು ನೀರಿನ ಸೆಳೆತವನ್ನು ಎಷ್ಟು ಚೆನ್ನಾಗಿ ತೋರಿಸಿದ್ದೀರಿ ಎನ್ನುತ್ತಾರೆ.

ಬಿಸಾಕಿದ ವಸ್ತುವನ್ನು ಕೈಗೆತ್ತಿಕೊಂಡಾಗ ಅದು ಯಾರದೆಂದು ಮೊದಲು ಕೇಳಬೇಕು, ಏನು ಮಾಡಬಹುದೆಂಬುದು ಆಮೇಲಿನ ಮಾತು. ಈ ಕೆಲಸ ಕಲಿಸಿದ್ದು ಇಷ್ಟೇ, ಅದನ್ನೂ ತಡವಾಗಿ ಕಲಿಸಿತು. ಈಗ ಕಲೆ, ಹೆಸರು, ಚೀಟಿ ಯಾವುದನ್ನೂ ಅಳಿಸುವುದಿಲ್ಲ. ನನ್ನ ಮೂರ್ತಿಗಳು ಮೊದಲಿನಷ್ಟು ಹೊಳೆಯುವುದಿಲ್ಲ ಎನ್ನುತ್ತಾರೆ.

ಬೀಗರ ಊರಿನಿಂದ ಆ ದಿನ ಹಿಂತಿರುಗುವಾಗ ಕಮಲವ್ವ ನನ್ನನ್ನು ಕಬ್ಬೂರಿನ ತಮ್ಮ ಮನೆಗೆ ಕರೆದೊಯ್ದರು. ಮುಚ್ಚಳವನ್ನು ನೀರಿನ ಕೊಡದ ಮೇಲೆ, ಹೆಸರು ಮೇಲಾಗಿ ಇಟ್ಟರು. ಕೊಯ್ದ ಅಂಚಿನಲ್ಲಿ ವೆಲ್ಡಿಂಗಿನ ಕರಿ ಉಳಿದಿತ್ತು. ನನ್ನ ಕೈ ತಾನಾಗಿಯೇ ಸೆರಗಿನ ತುದಿ ಹಿಡಿದು ಅದರ ಕಡೆ ಹೋಯಿತು.

ಕಮಲವ್ವ ಮುಚ್ಚಳವನ್ನು ತಮ್ಮ ಕಡೆ ಸರಿಸಿಕೊಂಡರು.

"ಒರಸಬ್ಯಾಡ್ರಿ ಅಕ್ಕಾರ" ಎಂದರು. "ನೀವು ಒರಸಿದ್ದ ಸಾಕು."