ಎಂಜಲಿಗೆ ಕಾದ ಅಕ್ಕ

ಇವತ್ತು ಭಾನುವಾರ. ಸಾಂತಾಕ್ರೂಜ್‌ನಲ್ಲಿ ಲೋಕಲ್ ರೈಲು ಹತ್ತಿದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಚಿಂಗಮ್ ಅಗಿಯತೊಡಗಿದಳು. ಪುದೀನದ ವಾಸನೆ ಮೂಗಿಗೆ ಬಡಿದದ್ದೇ ನನಗೆ ನಗು ಬಂತು. ಹುಡುಗಿ ಅನುಮಾನದಿಂದ ನೋಡಿದಳು. ನನ್ನ ಅಕ್ಕನ ವಿಷಯ ಅವಳಿಗೆ ಹೇಳುವುದು ಹೇಗೆ? ನಿಮಗೆ ಹೇಳುತ್ತೇನೆ.

ಅಕ್ಕ ಮೈಸೂರಿನಿಂದ ಮದುವೆಯಾಗಿ ವಿಲೆ ಪಾರ್ಲೆಗೆ ಬಂದವಳು, ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ನಿವೃತ್ತಿಯ ಮೇಲೆ ಭಾನುವಾರ ಸಂಜೆ ಬಿಲ್ಡಿಂಗಿನ ಮಕ್ಕಳಿಗೆ ಕನ್ನಡ ಕಥೆ ಓದುತ್ತಾಳೆ. ಅವಕ್ಕೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಷ್ಟರಲ್ಲಿ ಹಿಂದಿಯಾಗಿರುತ್ತದೆ. ಅಕ್ಕ ಕಲಿಸಿದ ಮೊದಲ ಪದ ‘ಎಂಜಲು’. ಕಚ್ಚಿದ ಬಿಸ್ಕತ್ತು ಹಂಚಿದರೆ ಎಂಜಲು, ಬಾಟಲಿಗೆ ತುಟಿ ತಾಗಿದರೆ ಎಂಜಲು. ಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತಿದ್ದ ನಾನು ಪೆನ್ನಿನ ತುದಿ ಕಚ್ಚಿದರೂ ಬೈಗುಳ ತಪ್ಪುತ್ತಿರಲಿಲ್ಲ.

ಅಂಥವಳ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ರೇಡಿಯೇಷನ್‌ನಿಂದ ಗುಣವಾಗುವ ಭರವಸೆಯಿದೆ, ಆದರೆ ಜೊಲ್ಲಿನ ಗ್ರಂಥಿಗಳು ಒಣಗಿಹೋಗಬಹುದು ಎಂದರು ಡಾಕ್ಟರು. ಕಿವಿಯ ಮುಂದಿನ ಗ್ರಂಥಿಗಳಿಗೆ ಆದಷ್ಟು ಕಿರಣ ತಾಗದಂತೆ ಲೆಕ್ಕ ಹಾಕುತ್ತೇವೆ ಎಂದೂ ಹೇಳಿದರು. ಅಕ್ಕ ಕೇಳಿದ್ದು ಒಂದೇ:

“ಕಥೆ ಓದಕ್ಕಾಗತ್ತಾ ಡಾಕ್ಟರ್ ಸಾಬ್?”

“ನೋಡೋಣ, ಆಜಿ.”

ಚಿಕಿತ್ಸೆ ಮುಗಿಯುವಾಗ ಗಡ್ಡೆ ಕರಗಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಗುಟುಕು ಗುಟುಕು ನೀರು, ಉಪ್ಪುನೀರಿನ ಮುಕ್ಕಳಿಕೆ. ಗಂಟಲಿನ ಉರಿ ಇಳಿದ ಮೇಲೆ ಸಕ್ಕರೆಯಿಲ್ಲದ ಚಿಂಗಮ್. ಅಗಿದರೆ ಉಳಿದ ಗ್ರಂಥಿಗಳು ಚುರುಕಾಗುತ್ತವಂತೆ. ಅಕ್ಕ ಸೆರಗಿನಿಂದ ಬಾಯಿ ಮರೆಮಾಡಿ ಅಗಿಯುತ್ತಿದ್ದಳು. ಹಾಗೇ ಒಮ್ಮೆ ಲೋಕಲ್‌ನಲ್ಲಿ, ಗ್ರಾಂಟ್ ರೋಡಿನಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ ಸಲೀಮನ ಕೈಗೆ ಸಿಕ್ಕಿಬಿದ್ದಳು.

“ಟೀಚರ್, ಚಿಂಗಮ್ ತಿಂದೆ ಅಂತ ನನ್ನ ಬೆಂಚಿನ ಮ್ಯಾಲೆ ನಿಂದರ್ಸಿದ್ರಿ. ಈಗ ನಿಮ್ಮನ್ನ ಯಾರು ನಿಂದರ್ಸಬೇಕ್ರಿ?”

“ಸುಮ್ನಿರೋ ಸಲೀಮ, ಇದು ಔಷಧಿ.”

“ನಂದೂ ಔಷಧೀನ ಇತ್ತ್ರಿ!”

ಬೋಗಿಗೆ ಬೋಗಿಯೇ ನಕ್ಕಿತು. ಅಕ್ಕನೂ.

ಕೆಲವು ತಿಂಗಳಿಗೆ ಕಥೆ ಮತ್ತೆ ಶುರುವಾಯಿತು. ಆದರೆ ರಾಕ್ಷಸ ಬಾಯಿ ತೆರೆದ ಕಡೆಯಲ್ಲೆಲ್ಲ ಅಕ್ಕ ನೀರಿನ ಬಾಟಲಿ ತೆರೆಯಬೇಕಾಗುತ್ತಿತ್ತು. “ನಿಲ್ಲಿಸಿಬಿಡ್ತೀನಿ ಕಣೋ, ಮಕ್ಕಳಿಗೆ ಬೇಜಾರು” ಎಂದಳು ಒಮ್ಮೆ.

ಮುಂದೊಂದು ಭಾನುವಾರ ನಾನು ಬಾಗಿಲ ಬಳಿ ಕೂತಿದ್ದೆ. ಕಥೆ ರಂಗೇರಿತ್ತು. ಬಾಟಲಿ ಮುಚ್ಚಿದಂತೆಯೇ ಇತ್ತು. ಪುಟಗಳೆರಡು ಅಂಟಿಕೊಂಡಿದ್ದವು. ಅಕ್ಕ ಓದಿನ ಭರದಲ್ಲಿ ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವಿದಳು.

“ಟೀಚರ್! ಬುಕ್‌ಗೆ ಎಂಜಲು!” ಮುಂದೆ ಕೂತಿದ್ದ ಪುಟ್ಟ ಹುಡುಗಿ ಚೀರಿದಳು. “ಛೀ, ಗಂದಾ!”

ಅಕ್ಕ ಬೆರಳನ್ನು ದಿಟ್ಟಿಸಿದಳು. ಒದ್ದೆಯಾಗಿತ್ತು.

“ಹೌದು ಕಣೇ, ಎಂಜಲು! ನೋಡ್ರೋ, ಎಲ್ಲಾರೂ ನೋಡ್ರೋ!” ಎಂದು ಬೆರಳನ್ನು ಒಂದೊಂದು ಮಗುವಿನ ಮುಂದೂ ಹಿಡಿದಳು. ಮಕ್ಕಳು ಕಿರುಚುತ್ತ ಸೋಫಾದ ಹಿಂದೆ ಓಡಿದವು.

ಈಗ ಪುಟ ಅಂಟದಿದ್ದರೂ ಅಕ್ಕ ಬೆರಳು ಒದ್ದೆ ಮಾಡಿಕೊಳ್ಳುತ್ತಾಳೆ. ಮಕ್ಕಳು ಅದಕ್ಕಾಗಿಯೇ ಕಾದು ಒಕ್ಕೊರಲಿನಿಂದ “ಛೀ” ಎನ್ನುತ್ತವೆ. ಪಾರ್ಲೆ ಬಂತು, ಇಳಿಯುತ್ತೇನೆ. ಕಥೆ ಶುರುವಾಗುವ ಹೊತ್ತು. “ಛೀ” ಎನ್ನಲು ನಾನೂ ಇರಬೇಕು.