ಪಥ್ಯಕ್ಕೆ ಸಾಯದ ರೋಗ

ನನ್ನ ದೊಡ್ಡಪ್ಪ ಕವಲಂದೆಯ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುತ್ತಿದ್ದರು. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಆಮೇಲೆ ಉಪ್ಪು, ಹುಳಿ, ಎಣ್ಣೆ ಇಲ್ಲದ ಪಥ್ಯ. ಯಾರಿಂದಲೂ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಅವರ ಮಾತನ್ನು ಯಾರೂ ಮೀರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ, ತಿ. ನರಸೀಪುರದಲ್ಲಿ ಬಟ್ಟೆ ಹೊಲಿಯುತ್ತಿದ್ದ ನನ್ನಪ್ಪನ ಕಣ್ಣು ಹಳದಿಯಾದಾಗ ನಾವೂ ಅವರ ಜಗಲಿಗೇ ಹೋದೆವು.

ಅಪ್ಪನ ಬಲಪಕ್ಕೆಯಲ್ಲಿ ಗೆಡ್ಡೆ ಕೈಗೆ ಸಿಗುತ್ತಿತ್ತು. ಅವ್ವ ಆಸ್ಪತ್ರೆಯ ಮಾತೆತ್ತಿದಳು.

"ಸುಮ್ಕಿರವ್ವ, ಒಟ್ಟೆಗಾಕದಿದ್ರೆ ಅದು ತಾನೇ ಒಣಗೋಯ್ತದೆ," ಎಂದರು ದೊಡ್ಡಪ್ಪ.

ಒಣಗಿದ್ದು ಅಪ್ಪ. ಕೊನೆಗೆ ಮೈಸೂರಿಗೆ ಹೊತ್ತುಕೊಂಡು ಹೋದಾಗ ಡಾಕ್ಟರು ಲಿವರ್ ಕ್ಯಾನ್ಸರ್ ಎಂದರು, ಇಷ್ಟು ದಿನ ಎಲ್ಲಿದ್ದಿರಿ ಎಂದು ಬೈದರು. ಅಪ್ಪ ಹೋದ. ದೊಡ್ಡಪ್ಪ ತಿಥಿಗೆ ಬಂದು, ಹಣೆಬರಹ ಎಂದು ಹೇಳಿ, ಉಂಡು ಹೋದರು. ಬಾಯೊಳಗೇ ಶಪಿಸುತ್ತಾ ಆ ಎಲೆಯನ್ನು ನಾನೇ ಎತ್ತಿದೆ.

ಎರಡು ಸಾವಿರದ ಇಸವಿಯ ಈಚೆಗೆ ಮೈಸೂರಿನ ಒಂದು ಲ್ಯಾಬಿಗೆ ಸೇರಿದೆ. ಬಟ್ಟಲಲ್ಲಿ ಬೆಳೆಸಿದ ಲಿವರ್ ಕ್ಯಾನ್ಸರಿನ ಜೀವಕೋಶಗಳಿಗೆ ಔಷಧಿ ಹಾಕಿ ನೋಡುವ ಕೆಲಸ. ಅವು ಸತ್ತ ದಿನ ನನಗೆ ಊಟ ಸೇರುತ್ತಿತ್ತು. ಆದರೆ ಮನೆತನದ ಬುದ್ಧಿ ಎಲ್ಲಿ ಹೋದೀತು? ಮೊದಲು ಉಪವಾಸ ಕೆಡವಿ ಆಮೇಲೆ ಔಷಧಿ ಹಾಕಿದರೆ ಇನ್ನೂ ಚೆನ್ನಾಗಿ ಸಾಯುತ್ತವೆ ಎಂದುಕೊಂಡು ಹಾಗೇ ಮಾಡಿದೆ. ಹೊಟ್ಟೆ ತುಂಬಿದ್ದವು ಸತ್ತವು; ಅರೆಹೊಟ್ಟೆಯವು ಬದುಕಿಕೊಂಡವು. ನಮ್ಮ ಮೇಡಂ ನಕ್ಕರು. ಕಷ್ಟ ಸ್ವಲ್ಪವಾದರೆ ಕೋಶ ಎಚ್ಚೆತ್ತುಕೊಳ್ಳುತ್ತದೆ, ತನ್ನೊಳಗಿನ ಹಳೇ ಸಾಮಾನನ್ನೇ ಅರಗಿಸಿಕೊಂಡು ತಡೆದುಕೊಳ್ಳುತ್ತದೆ. ತಡೆಯಲಾರದಷ್ಟಾದರೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ ಎಂದರು.

ನನಗೆ ದೊಡ್ಡಪ್ಪನ ಮುಖ ನೆನಪಾಯಿತು. ಮದುವೆ, ನಾಮಕರಣಗಳಲ್ಲಿ ಸಿಕ್ಕಾಗಲೆಲ್ಲ ಅವರನ್ನು ಚುಚ್ಚುತ್ತಿದ್ದೆ. ಅವರು ಅದಕ್ಕೆ ಒಗ್ಗಿಹೋಗಿದ್ದರು. "ಓದಿರೋಳು, ಮಾತಾಡ್ತಾಳೆ ಬುಡಿ," ಎಂದು ನಗುತ್ತಿದ್ದರು. ಕೊಡುವುದನ್ನು ಒಂದೇ ಸಲ, ತಡೆಯಲಾರದಷ್ಟು ಕೊಡೋಣ ಎಂದುಕೊಂಡು ಚುಚ್ಚುವುದನ್ನು ಬಿಟ್ಟೆ. ಸಿಕ್ಕಾಗ ಕಾಲಿಗೆ ಬಿದ್ದೆ. ಪಾಪ, ನನ್ನ ಸಿಟ್ಟು ಆರಿತೆಂದು ನಂಬಿದರು.

ಒಂದು ಭಾನುವಾರ ಜಗಲಿ ತುಂಬಾ ಜನ ಇರುವಾಗ ಹೋಗಿ ಎಲ್ಲರೆದುರು ಹೇಳಿದೆ: "ನಮ್ಮಪ್ಪನಿಗೆ ಇದ್ದದ್ದು ಕ್ಯಾನ್ಸರ್. ಇದೇ ಜಗಲಿ ಮೇಲೆ ಕೂರಿಸಿ ಉಪವಾಸ ಕೆಡವಿದ್ರು ನಮ್ ದೊಡ್ಡಪ್ಪ. ಗೆಡ್ಡೆ ಸಾಯ್ಲಿಲ್ಲ, ನಮ್ಮಪ್ಪ ಸತ್ತ."

ದೊಡ್ಡಪ್ಪ ರೋಗಿಯೊಬ್ಬನಿಗೆ ಚಾಚಿದ್ದ ರಸದ ಲೋಟವನ್ನು ಹಿಂದಕ್ಕೆಳೆದುಕೊಂಡರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಒಬ್ಬ ಹೆಂಗಸು ಗಂಡನ ಹಳದಿ ಕಣ್ಣು ತೋರಿಸಿ, "ಅಂಗಾದ್ರೆ ನಾವೇನ್ ಮಾಡ್ಬೇಕು ಸಾಮಿ?" ಎಂದಳು. ನನ್ನನ್ನಲ್ಲ, ಅವರನ್ನೇ ಕೇಳಿದಳು.

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಮೈಸೂರು ಆಸ್ಪತ್ರೆಗೆ ಓಗವ್ವ. ಇವತ್ತೇ ಓಗು."

ಅವಳು ಮರುಮಾತಾಡದೆ ಗಂಡನನ್ನು ಎಬ್ಬಿಸಿಕೊಂಡು ಬಸ್ಸಿಗೆ ಹೊರಟಳು. ದೊಡ್ಡಪ್ಪನ ಬಾಯಲ್ಲಿ ಇಷ್ಟು ಸಲೀಸಾಗಿ ಬರುವ ಈ ಮಾತಿಗೇ ನನ್ನಪ್ಪ ಕಾದಿದ್ದ. ನನ್ನ ಸಿಟ್ಟು ಆರಲಿಲ್ಲ, ದುಪ್ಪಟ್ಟಾಯಿತು.